ಹಚ್ಚುವವರು

ವಕ್ಫ್ ಆಫೀಸಿನ ಹಿಂದಿನ ಕೋಣೆಯಲ್ಲಿ
ನನಗೊಂದು ಕುರ್ಚಿ ಕೊಟ್ಟಿದ್ದಾರೆ, ಮೂರು ಕಾಲು ಸರಿಯಿವೆ.
ನಿವೃತ್ತ ಉರ್ದು ಮೇಷ್ಟ್ರು; ಪುಟಕ್ಕೆ ನಲವತ್ತು ರೂಪಾಯಿ.
ಶಿಕಸ್ತಾ ಬರಹ ಓದಬಲ್ಲವರು ರಾಯಚೂರಿನಲ್ಲಿ ಈಗ
ನಾನು, ಮತ್ತೆ ತೀನ್ ಕಂದೀಲಿನ ಹತ್ತಿರ ಒಬ್ಬ ಹಕೀಮರು.
ಅವರ ಕಣ್ಣಿಗೆ ಪೊರೆ ಬಂದಿದೆ.

ಇವತ್ತಿನ ಗಂಟು: ಸಿಂಧನೂರು ತಾಲೂಕು, ಹೊಳೆದಂಡೆಯ ದರ್ಗಾ.
ಕೆಂಪು ಬಟ್ಟೆ ಬಿಚ್ಚಿದರೆ ಗೆದ್ದಲ ಮಣ್ಣು, ಬೇವಿನೆಲೆಯ ಪುಡಿ,
ಆಮೇಲೆ ನಿಜಾಮರ ಉಮೂರೆ ಮಜಹಬಿ ಇಲಾಖೆಯ ಮೊಹರು,
ಒಣಗಿದ ಅಂಜೂರದ ಹಾಗೆ.
ಫಸಲಿ ಸಾವಿರದ ಮುನ್ನೂರ ಇಪ್ಪತ್ತೇಳು.
ಪೀರಾಂಸಾಬ ವಲ್ದ್ ಲಾಡ್ಲೆಸಾಬನಿಗೂ ಅವನ ಗಂಡುಸಂತಾನಕ್ಕೂ
ದೀಪ ಹಚ್ಚುವ ಶರ್ತಿನ ಮೇಲೆ ಹನ್ನೊಂದು ಎಕರೆ ಎರೆಹೊಲ.
ತಿಂಗಳಿಗೆ ಎರಡು ಸೇರು ಎಣ್ಣೆ ಉರಿಯಬೇಕು,
ಕಡಿಮೆಯಾದರೆ ಜಪ್ತಿ.

ಆಗ ಹೊಳೆಯ ಆಚೆ ಇಂಗ್ರೇಜಿ ಸೀಮೆ, ಬಳ್ಳಾರಿ ಜಿಲ್ಲೆ.
ಇದೇ ಪೀರರ ಶಿಷ್ಯರೊಬ್ಬರು ಅಲ್ಲಿ ಮಲಗಿದ್ದಾರೆ.
ದೇವರ ಉಸಾಬರಿ ತಮಗೆ ಬೇಡವೆಂದು ದೊರೆಗಳು
ಊರಿನ ಐವರನ್ನು ಕೂಡಿಸಿ, ಕಮಿಟಿಯೆಂದು ಹೆಸರಿಟ್ಟು
ಕೈತೊಳೆದುಕೊಂಡರು. ಐವರೂ ಐದು ದಿಕ್ಕಿಗೆ ಮುಖ ಮಾಡಿದರು.
ಗುರುವಿಗೆ ಇಲಾಖೆ, ಶಿಷ್ಯನಿಗೆ ಕಮಿಟಿ.
ಬೇಸಿಗೆಯಲ್ಲಿ ಮೊಣಕಾಲುದ್ದ ನೀರು ದಾಟಿದರೆ ಸರಕಾರ ಬೇರೆ.
ಲೋಬಾನದ ಹೊಗೆ ಮಾತ್ರ
ಯಾವ ನಾಕೆಯಲ್ಲೂ ಸುಂಕ ಕಟ್ಟಿದ್ದು ಕಾಣೆ.

ಪೀರಾಂಸಾಬ ಸತ್ತದ್ದು ಪ್ಲೇಗಿಗೋ ಆ ದೊಡ್ಡ ಜ್ವರಕ್ಕೋ, ಕಾಗದ ಹರಿದಿದೆ.
ಗಂಡುಮಕ್ಕಳಿಲ್ಲ. ಮಗಳು ರಸೂಲಬಿಯ ಅರ್ಜಿ ಇದೆ:
"ಯಾರ ಕೈ ಹಚ್ಚಿತೆಂದು ದೀಪ ಕೇಳುವುದಿಲ್ಲ, ಹುಜೂರ್."
ಈ ಸಾಲಿಗೆ ಅರ್ಜಿ ಬರೆದವನು
ಎರಡಾಣೆ ಹೆಚ್ಚು ತೆಗೆದುಕೊಂಡಿರಬೇಕು.
ಹುಜೂರರ ಉತ್ತರ: ವಿಚಾರಣೆಯಾಗುವ ತನಕ ತಡೆಯಿರಿ.

ತಡೆದಳು, ಮೂವತ್ತು ವರ್ಷ. ಅಷ್ಟರಲ್ಲಿ
ಪೊಲೀಸ್ ಆ್ಯಕ್ಷನ್ ಆಗಿ ಕಚೇರಿಯ ಗೋಡೆಯ ಫೋಟೋ ಇಳಿಯಿತು,
ಮೊಳೆ ಉಳಿಯಿತು. ಅದೇ ಮೊಳೆಗೆ ಇನ್ನೊಂದು ಫೋಟೋ.
ಆಮೇಲೆ ನಾವು ಮೈಸೂರಿನವರಾದೆವು.
ಗಂಟು ರೈಲು ಹತ್ತಿ ಬೆಂಗಳೂರು ನೋಡಿಕೊಂಡು ಬಂತು.
ಬೋರ್ಡು ಬಂತು, ಸರ್ವೆಗೆ ಜೀಪು ಬಂತು.
ಹನ್ನೊಂದು ಎಕರೆ ಗೆಜೆಟ್ಟಿನಲ್ಲಿ ಒಂದು ಎಕರೆ ಹತ್ತು ಗುಂಟೆ;
ಮಿಕ್ಕದ್ದು ಯಾರ ಬಾಯಿಗೆ ಬಿತ್ತೆಂದು ಕಾಗದ ಹೇಳುವುದಿಲ್ಲ,
ಚಹಾದಂಗಡಿಯಲ್ಲಿ ಹೇಳುತ್ತಾರೆ.

ಸರ್ವೆಯವನ ನಮೂನೆ ಉರ್ದುವಿನಲ್ಲೇ ಇದೆ, ಮುತ್ತಿನಂಥ ಅಕ್ಷರ.
ಸ್ಥಳ ತನಿಖೆ: ಮಗ್ರಿಬಿನ ಹೊತ್ತು.
ದೀಪ: ಉರಿಯುತ್ತಿದೆ.
ಎಣ್ಣೆ: ಕುಸುಬೆ.
ಹಚ್ಚುವವರು: ಇಲ್ಲ.

ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.
ತರ್ಜುಮೆದಾರನಿಗೆ ಸೇರಿಸುವ ಹಕ್ಕಿಲ್ಲ.
ಅವನ ಇಲ್ಲವನ್ನು ನಾನೂ
ಇಲ್ಲ ಎಂದೇ ಬರೆದೆ. ಪುಟಕ್ಕೆ ನಲವತ್ತು ರೂಪಾಯಿ.

ನಮೂನೆಯ ಕೆಳಮೂಲೆಯಲ್ಲಿ ಒಂದು ಕಲೆ,
ಹೆಬ್ಬೆರಳಿನಷ್ಟು, ಎಣ್ಣೆಯದು.
ಅವನು ಬರೆದು ಮುಗಿಸುವ ತನಕ
ಹೊಳೆಗಾಳಿಗೆ ಕಾಗದ ಹಾರದಂತೆ
ಯಾರೋ ಒತ್ತಿ ಹಿಡಿದಿದ್ದಾರೆ.
ಅಲ್ಲಿ ಮಾತ್ರ ಕಾಗದ ತೆಳುವಾಗಿ
ಕಿಟಕಿಗೆ ಹಿಡಿದರೆ ಬೆಳಕು ಈಚೆ ಬರುತ್ತದೆ.

ಸ್ಕ್ಯಾನ್ ಮಾಡುವ ಹುಡುಗ ಬಗ್ಗಿ ನೋಡಿದ:
"ಸರ್, ಈ ಕಲಿ ತೆಗೀಲೇನ್ರಿ? ಒಂದ್ ಬಟನ್ ಐತಿ."
ಇರ್ಲಿ ಬಿಡಪಾ, ಅಂದೆ.
"ಮತ್ತ ಏನಂತ ಎಂಟ್ರಿ ಹಾಕ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು,
ನಾಡಿಗೆಲ್ಲ ಕರೆಂಟು ಕೊಡುವ ಊರಿನಲ್ಲಿ.
ಹುಡುಗ ಜೇಬಿಗೆ ಕೈಹಾಕಿ
ಮೊಬೈಲಿನ ಲೈಟು ಹಚ್ಚಿದ.